ನಂಜಪ್ಪನವರ ಗಡಿಯಾರ ನನ್ನ ಡ್ರಾಯರಿನಲ್ಲಿತ್ತು

ರತ್ನಾ ಬಂದು ಕೇಳಿದ ಹೊತ್ತಿನಲ್ಲಿ ಆ ಗಡಿಯಾರ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅವಳ ಮೊಣಕಾಲಿಗೂ ಅದಕ್ಕೂ ನಡುವೆ ಒಂದು ಗೇಣು ಅಂತರ, ಒಂದು ತೆಳು ಹಲಗೆ. ಅದು ನಡೆಯುತ್ತಿತ್ತು. ನಾನು "ಇಲ್ಲ ಕಣೇ, ನನ್ನ ಕೈಗೆ ಬಂದಿಲ್ಲ" ಎಂದೆ.

ಇಷ್ಟೇ ನನ್ನ ತಪ್ಪು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ — ಒಂದು ಸುಳ್ಳು, ನಾಲ್ಕು ಮಾತು. ಆದರೆ ಆ ನಾಲ್ಕು ಮಾತಿನ ಅಡಿಯಲ್ಲಿ ಒಬ್ಬ ಮನುಷ್ಯನ ಮೂಳೆಗಳಿದ್ದವು. ಅವು ಎಲ್ಲಿವೆ ಎಂದು ಈ ಲೋಕದಲ್ಲಿ ನನ್ನನ್ನು ಬಿಟ್ಟರೆ ಇನ್ನಿಬ್ಬರಿಗೆ ಗೊತ್ತಿತ್ತು. ಆ ಇಬ್ಬರಿಗೂ ಅವು ಯಾರವೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹಳೇ ಕೈಗಡಿಯಾರಗಳ ಹುಚ್ಚಿರುವ ನಮ್ಮ ಗುಂಪಿನವರು ಇದನ್ನು ಓದುತ್ತಾರೆ ಎಂದು ತಿಳಿದೇ ಬರೆಯುತ್ತಿದ್ದೇನೆ. ದೊಡ್ಡಬಳ್ಳಾಪುರದ ಜಯಕ್ಕ ಬಿಚ್ಚಿ ಜೋಡಿಸಿದ ಗಡಿಯಾರವಾದರೆ ಕಣ್ಣು ಮುಚ್ಚಿಕೊಂಡು ತಗೋಬಹುದು ಎಂದು ನನ್ನ ಬಗ್ಗೆ ಹೇಳುತ್ತೀರಲ್ಲ — ಇದನ್ನು ಕಣ್ಣು ಬಿಟ್ಟುಕೊಂಡು ಓದಿ.

ನಾನೂ ರತ್ನಾಳೂ ಬೆಂಗಳೂರಿನ ಒಂದು ಗಡಿಯಾರ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತವರು. ನಾನು ಚಕ್ರಗಳನ್ನು ಕೂರಿಸಿ ಅವಳ ಕಡೆ ಸರಿಸಿದರೆ ಅವಳು ಡಯಲ್ಲು, ಮುಳ್ಳು ಹಾಕಿ ಮುಚ್ಚಳ ಬಿಗಿಯುತ್ತಿದ್ದಳು. ಎಷ್ಟೋ ಸಾವಿರ ಗಡಿಯಾರಗಳು ಹೀಗೆ ನನ್ನ ಬೆರಳಿನಿಂದ ಅವಳ ಬೆರಳಿಗೆ ಹೋಗಿವೆ. ಒಂದು ಸಲ ಪ್ರಯೋಗಕ್ಕೆಂದು ನೇರಳೆ ಹಣ್ಣಿನ ಬಣ್ಣದ ಡಯಲ್ಲಿನ ಎಂಟೋ ಹತ್ತೋ ಗಡಿಯಾರ ಮಾಡಿಸಿದರು. ಬೆಳಕಿಗೆ ಹಿಡಿದರೆ ಕಪ್ಪು, ಸ್ವಲ್ಪ ವಾಲಿಸಿದರೆ ಒಳಗಿನಿಂದ ಕೆಂಪು ಏಳುತ್ತಿತ್ತು. ಮೇಲಿನವರಿಗೆ ಹಿಡಿಸಲಿಲ್ಲ, ಅವು ಅಂಗಡಿಗೆ ಬರಲೇ ಇಲ್ಲ. ನಮ್ಮ ಮೇಲ್ವಿಚಾರಕರು ಚೀಟಿ ಎತ್ತಿಸಿ ಕೆಲಸಗಾರರಿಗೇ ಹಂಚಿಬಿಟ್ಟರು. ರತ್ನಾಳ ಹೆಸರು ಬಂತು. ನನ್ನದು ಬರಲಿಲ್ಲ.

ಅವಳು ಅದನ್ನು ಮದುವೆಯಲ್ಲಿ ಗಂಡನ ಕೈಗೆ ಕಟ್ಟಿದಳು. ನಾನು ಅಕ್ಷತೆ ಹಾಕಿದೆ. ಹಾಕುವಾಗ ನೋಡಿದ್ದು ಮದುಮಕ್ಕಳನ್ನಲ್ಲ.

ಅವಳ ಗಂಡ ನಂಜಪ್ಪನವರು ಚನ್ನರಾಯಪಟ್ಟಣದ ಕಡೆಯ ತಮ್ಮ ಹಳ್ಳಿಯಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಏಳಕ್ಕೆ ಮುಚ್ಚಿದಂತೆಯೇ. ಏಳೂ ಎರಡಕ್ಕೆ ಕ್ಯಾನು ಹಿಡಿದು ಓಡಿಬಂದವರಿಗೆ ಮಣಿಕಟ್ಟು ಎತ್ತಿ ತೋರಿಸಿ, "ನಾನೇನ್ ಮಾಡ್ಲಪ್ಪಾ, ಇದು ಹೇಳ್ತೈತೆ" ಎನ್ನುವರಂತೆ. ಅದು ಕೀ ಕೊಡುವ ಗಡಿಯಾರವಲ್ಲ. ಒಳಗೆ ಅರ್ಧಚಂದ್ರದ ಆಕಾರದ ಒಂದು ಬಿಲ್ಲೆಯಿರುತ್ತದೆ. ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗನ್ನು ತಾನೇ ಸುತ್ತುತ್ತದೆ. ಕೈ ಆಡದಿದ್ದರೆ ಒಂದೂವರೆ ದಿನ, ಹೆಚ್ಚೆಂದರೆ ಎರಡು ದಿನ ನಡೆದು ನಿಂತುಬಿಡುತ್ತದೆ.

ಕಾರ್ಖಾನೆ ಸೊರಗಿ ನಾವಿಬ್ಬರೂ ಸ್ವಯಂ ನಿವೃತ್ತಿ ತಗೊಂಡ ಮೇಲೆ ರತ್ನಾ ಗಂಡನ ಊರು ಸೇರಿದಳು, ನಾನು ದೊಡ್ಡಬಳ್ಳಾಪುರದ ಮನೆಯಲ್ಲೇ ಮೇಜು ಹಾಕಿಕೊಂಡು ಹಳೇ ಗಡಿಯಾರಗಳ ಸರ್ವಿಸ್ ಶುರು ಮಾಡಿದೆ. ನಮ್ಮದು ನೇಕಾರರ ಬೀದಿ. ಪಕ್ಕದ ಮನೆಯ ಮಗ್ಗಗಳು ನಡೆಯುವಷ್ಟು ಹೊತ್ತೂ ನೆಲ, ಗೋಡೆ ಸಣ್ಣಗೆ ನಡುಗುತ್ತಲೇ ಇರುತ್ತವೆ. ಆ ನಡುಕದ ನಡುವೆಯೇ ನಂಜಪ್ಪನವರ ಗಡಿಯಾರವನ್ನು ಮೂರು ವರ್ಷಕ್ಕೊಮ್ಮೆ ಬಿಚ್ಚಿ, ಎಣ್ಣೆ ಹಾಕಿ, ರಬ್ಬರ್ ರಿಂಗು ಬದಲಿಸಿ, ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಒಂದು 'ಜ' ಗೀರಿ ತಾರೀಖು ಹಾಕುತ್ತಿದ್ದೆ. ರಿಪೇರಿಯವರ ರೂಢಿ ಅದು. ಅದರ ಪಕ್ಕ ಇನ್ನೂ ಹಳೆಯದೊಂದು ಗೀರು — 'ರ'. ಕಾರ್ಖಾನೆಯಲ್ಲಿ ಮುಚ್ಚಳ ಬಿಗಿಯುವ ಮುಂಚೆ ಅವಳು ಕದ್ದು ಹಾಕಿದ್ದು. ಪ್ರತಿ ಸಲವೂ ಗಡಿಯಾರ ವಾಪಸು ಕೊಡಲು ಬೇಕೆಂದೇ ಎರಡು ದಿನ ತಡ ಮಾಡುತ್ತಿದ್ದೆ.

ಎಂಟು ವರ್ಷದ ಹಿಂದೆ ಒಂದು ಗುರುವಾರ ಬೆಳಿಗ್ಗೆ ನಂಜಪ್ಪನವರು ಡೈರಿಯಲ್ಲಿ ಕೂತಲ್ಲೇ ಪಕ್ಕಕ್ಕೆ ವಾಲಿದರು. ಸಂಜೆಯೊಳಗೆ ಮಣ್ಣು ಮಾಡಿದರು. ಹೊಲದ ಮೂಲೆಯಲ್ಲಿ ಅವರ ಅಪ್ಪ, ನೀರಿನಲ್ಲಿ ಹೋದ ತಮ್ಮ ಮಲಗಿದ್ದ ಗುಡ್ಡೆಗಳ ಪಕ್ಕ. ಇಳಿಸುವ ಮುಂಚೆ ನಂಜಪ್ಪನವರ ಅಣ್ಣ ಕೇಳಿದರು, "ವಾಚ್ ಬಿಚ್ಚನಾ ರತ್ನಮ್ಮ?"

"ಇರ್ಲಿ ಬಿಡಿ ಭಾವ. ಟೈಮ್ ನೋಡ್ದೆ ಒಂದಿನಾನೂ ಮನೆಯಿಂದ ಹೊರಟೋರಲ್ಲ."

ಎಲ್ಲರೂ ಅತ್ತರು. ನಾನೂ ಅತ್ತೆ. ಆದರೆ ಮಣ್ಣು ಬೀಳುವವರೆಗೂ ನಾನು ನೋಡುತ್ತಿದ್ದದ್ದು ಆ ಮಣಿಕಟ್ಟನ್ನು. ಹೋಯಿತಲ್ಲ, ಇನ್ನು ಸಿಗುವುದಿಲ್ಲವಲ್ಲ — ನಾನು ಮನಸ್ಸಿನಲ್ಲಿ ಹೀಗೆ ಅಂದುಕೊಂಡದ್ದು ನಂಜಪ್ಪನವರ ಬಗ್ಗೆ ಅಲ್ಲ.

ಮೂರು ವರ್ಷ ಕಳೆಯಿತು. ಹೊಸಕೋಟೆಯ ಸಂಪತ್ ಎಂಬುವನು ಗುಜರಿಯವರಿಂದ, ಹಳೇ ಮನೆಗಳಿಂದ ಗಡಿಯಾರ ಸೇರಿಸಿ ನನಗೆ ತಂದು ಮಾರುತ್ತಿದ್ದ. ಒಂದು ದಿನ ಚೀಲ ಸುರಿದು ಅದರಲ್ಲೊಂದನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದ. ಕೆಮ್ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಕೈಗೆತ್ತಿಕೊಂಡೆ. ಎತ್ತಿದ ಕೂಡಲೇ ಅಂಗೈಯೊಳಗೆ ಅದು ನಡೆಯತೊಡಗಿತು.

ನಿಂತ ಗಡಿಯಾರ ಅಲುಗಾಡಿಸಿದರೆ ನಡೆಯುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೂ ಅದನ್ನು ತಟ್ಟನೆ ಮೇಜಿನ ಮೇಲಿಟ್ಟುಬಿಟ್ಟೆ. ಒದ್ದೆ ಬಟ್ಟೆಯಿಂದ ಗಾಜು ಒರೆಸಿದೆ. ಮಣ್ಣಿನಡಿಯಿಂದ ನೇರಳೆ ಬಣ್ಣ ಎದ್ದಿತು. ಮುಚ್ಚಳ ಬಿಚ್ಚಿದೆ — ನಾನೇ ಕೂರಿಸಿದ್ದ ರಬ್ಬರ್ ರಿಂಗು ಹಾಗೇ ಇತ್ತು, ಒಳಗೆ ಒಂದು ಹನಿ ತೇವವಿಲ್ಲ. ಒಳಮೈಯಲ್ಲಿ ನನ್ನ 'ಜ'. ಪಕ್ಕದಲ್ಲಿ 'ರ'.

"ಎಲ್ಲಿ ಸಿಕ್ಕಿತೋ?"

"ಟಿಪ್ಪರ್ ಡ್ರೈವರ್ ಒಬ್ಬ ಕೊಟ್ಟ, ಜಯಕ್ಕ. ಚನ್ನರಾಯಪಟ್ಟಣದ ಹತ್ರ ಗೋಡೌನ್‌ಗೆ ಅಂತ ಹೊಲ ಮಟ್ಟ ಮಾಡ್ತಾವ್ರೆ. ಕೈ ಮೂಳೆಗೆ ಸುತ್ಕೊಂಡಿತ್ತಂತೆ." ಅವನು ದನಿ ತಗ್ಗಿಸಿದ. "ಹೆದರ್ಕೊಂಡು ಆ ಮೂಳೆ ಎಲ್ಲಾ ಸಿಮೆಂಟ್ ಚೀಲಕ್ಕೆ ತುಂಬಿ ಬೇಲಿ ಪಕ್ಕದ ಹೊಂಗೆ ಮರದ ಬುಡದಲ್ಲಿ ಹೂತ್ಬಿಟ್ಟನಂತೆ. ಎಲ್ಲೂ ಬಾಯಿ ಬಿಡ್ಬೇಡಿ, ಕೆಲ್ಸ ನಿಂತೋದ್ರೆ ಅವನ ತಲೆಗೆ ಬರ್ತದೆ."

"ನಾನ್ಯಾರಿಗೆ ಹೇಳ್ಲಿ?" ಎಂದೆ. ಅವನು ಕೇಳಿದಷ್ಟು ಕೊಟ್ಟು ತಗೊಂಡೆ. ಚೌಕಾಸಿ ಕೂಡ ಮಾಡಲಿಲ್ಲ.

ಅಂದೇ ಮಧ್ಯಾಹ್ನ ಬಸ್ಸು ಹಿಡಿದಿದ್ದರೆ — ಆ ಚೀಲ ಅಲ್ಲೇ ಇತ್ತು. ಹೊಂಗೆ ಮರವೂ ಇತ್ತು.

ಹತ್ತು ಹನ್ನೆರಡು ದಿನದ ಮೇಲೆ ರತ್ನಾ ಬಂದಳು. ಪಕ್ಕದ ಮನೆಯ ಮಗ್ಗಗಳು ಊಟಕ್ಕೆಂದು ನಿಂತಿದ್ದ ಹೊತ್ತು. ಆ ಸದ್ದು ನಿಂತರೆ ನನ್ನ ಕೋಣೆಯಲ್ಲಿ ಗಡಿಯಾರಗಳದ್ದೇ ದನಿ. ಅವಳು ನೀರು ಕೂಡ ಕೇಳದೆ ನನ್ನ ಮೇಜಿನ ಎದುರಿನ ಸ್ಟೂಲಿನಲ್ಲಿ ಕೂತಳು.

"ಹೊಲ ಗೋಡೌನ್‌ನೋರಿಗೆ ಹೋಯ್ತಲ್ಲ, ಮೂಳೆ ಎತ್ಕೊಳ್ಳೋಕೆ ಟೈಮ್ ಕೊಟ್ಟಿದ್ರು ಕಣೇ. ಮಿಷನ್ ಮೊದ್ಲೇ ಬಂದ್ಬಿಡ್ತು. ಮಾವ, ಮೈದುನ, ಇವರು — ಮೂರು ಗುಡ್ಡೆನೂ ಒಂದೇ ಆಗೋಗೈತೆ. ಒಂದಷ್ಟು ಆಯ್ದಿಟ್ಟಿದ್ದೀವಿ. ಯಾರ್ದು ಯಾವ್ದೋ. ಆ ವಾಚ್ ಸಿಕ್ಕಿದ್ರೆ, ಎತ್ಕೊಂಡವರನ್ನ ಕೇಳಿ ಯಾವ ಮೂಳೆ ಇವ್ರದು ಅಂತ ತಿಳ್ಕೋಬೋದಿತ್ತು. ಯಾರು ಎತ್ಕೊಂಡಿದ್ರೂ ಕೊನೆಗೆ ನಿನ್ನ ಹತ್ರಾನೇ ತಾನೆ ಬರೋದು? ಬಂದೈತಾ ಜಯಾ?"

ಆಗ ನಾನು ಅಂದ ಮಾತನ್ನು ಮೊದಲೇ ಬರೆದಿದ್ದೇನೆ.

ಏಕೆ ಅಂದೆ? ಹೆದರಿಕೆಯಿಂದಲ್ಲ. ಸಂಪತ್‌ಗೆ ಕೊಟ್ಟ ಮಾತಿಗಾಗಿ ಅಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ — ಕೊಟ್ಟರೆ ಇವಳು ಇದನ್ನು ಮತ್ತೆ ಮಣ್ಣಿಗೇ ಹಾಕುತ್ತಾಳೆ. ಅಂಥ ಡಯಲ್ಲನ್ನು. ಎರಡನೇ ಸಲ.

ಅವಳು ತಲೆ ಓರೆ ಮಾಡಿ ಕಿವಿಗೊಟ್ಟಳು. "ಎಷ್ಟೊಂದು ಗಡಿಯಾರ ನಿನ್ನ ಹತ್ರ. ಒಂದು ಮಾತ್ರ ತೀರಾ ಹತ್ರದಲ್ಲೇ ನಡೀತಿರೋ ಹಂಗೈತೆ" ಎಂದಳು. ಅಷ್ಟರಲ್ಲಿ ಮಗ್ಗಗಳು ಶುರುವಾದವು.

ಅವರು ಆಯ್ದಿಟ್ಟದ್ದನ್ನು ಕೆರೆಯ ಪಕ್ಕದ ಜಾಗದಲ್ಲಿ ಮಣ್ಣು ಮಾಡಿದ ದಿನ ನಾನೂ ಹೋದೆ. ಹೋಗದಿದ್ದರೆ ಅನುಮಾನ ಬಂದೀತೆಂದು ಹೋದೆ. ಬಿಳಿ ಬಟ್ಟೆಯ ಮೇಲೆ ಮೂಳೆಗಳನ್ನು ಹರಡಿದ್ದರು. ಬುರುಡೆ ಎರಡೇ ಇದ್ದವು. ಇನ್ನೊಂದು ಟಿಪ್ಪರಿನಲ್ಲಿ ಹೋಗಿರಬೇಕು ಎಂದರು. ಊರಿನ ಹಿರಿಯರೊಬ್ಬರು ಉದ್ದನೆಯವನ್ನೆಲ್ಲ ಒಂದು ಕಡೆ ಸರಿಸಿ, "ನಂಜಪ್ಪ ಎತ್ತರದ ಆಳು, ಇವು ಅವನವೇ" ಎಂದರು. ಇಬ್ಬರ ಮೂಳೆಗಳನ್ನು ಮೂವರಿಗೆ ಹಂಚುತ್ತಿದ್ದಾರೆ ಎಂದು ಅಲ್ಲಿ ನಿಂತಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿದ್ದದ್ದು. ಮೂರು ಗುಂಡಿ ತೋಡಿದರು. ಒಂದರ ಮೇಲೆ ನಂಜಪ್ಪನವರ ಹೆಸರಿನ ಕಲ್ಲು ನೆಟ್ಟರು. ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಆ ವರ್ಷ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ರತ್ನಾ ಫೋನಿನಲ್ಲಿ ಒಂದು ಮಾತು ಅಂದಳು. "ಎಡೆ ಇಟ್ಟು ಆ ಕಲ್ಲಿನ ಮುಂದೆ ನಿಂತ್ರೆ, ಯಾರೋ ಗೊತ್ತಿಲ್ಲದೋರ ಮನೆ ಬಾಗ್ಲಲ್ಲಿ ನಿಂತ ಹಂಗಾಗ್ತದೆ ಕಣೇ. ಒಳಗಿರೋರು ಯಾರು ಬಂದಿದ್ದಾರೆ ಅಂತ ನೋಡ್ತಾರೆ, ಆದ್ರೆ ಮಾತಾಡ್ಸಲ್ಲ." ನಾನು "ಮನಸ್ಸಿನ ಭ್ರಮೆ ಬಿಡು" ಎಂದೆ. ಹೌದು, ಅದನ್ನೂ ಅಂದೆ.

ಗಡಿಯಾರವನ್ನು ನಾನು ಒಂದು ದಿನವೂ ಕಟ್ಟಿಕೊಳ್ಳಲಿಲ್ಲ. ಮನಸ್ಸು ಬರಲಿಲ್ಲ. ಡ್ರಾಯರಿನಿಂದ ತೆಗೆದು ಗೋಡೆ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆ. ಎರಡು ದಿನದಲ್ಲಿ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ವಾರದ ಮೇಲೆ ತೆಗೆದರೂ ನಡೆಯುತ್ತಿತ್ತು, ತಿಂಗಳ ಮೇಲೆ ತೆಗೆದರೂ. ಮಗ್ಗದ ನಡುಕಕ್ಕೆ ಒಳಗಿನ ಬಿಲ್ಲೆ ತಿರುಗುತ್ತಿದೆ ಎಂದುಕೊಂಡೆ. ಬೇರೆ ಗಡಿಯಾರಗಳು ಅದೇ ಬೀರುವಿನಲ್ಲಿ, ಅದೇ ಹಲಗೆಯ ಮೇಲೆ ನಿಂತೇ ಇದ್ದವು — ಆ ಕಡೆ ಯೋಚನೆ ಹರಿಯದಂತೆ ನೋಡಿಕೊಂಡೆ. ಆಸೆಪಟ್ಟು ತಂದುಕೊಂಡ ವಸ್ತು ಮನೆಯಲ್ಲಿ ಇನ್ನೊಬ್ಬರು ಇದ್ದಂತೆ ಇರತೊಡಗಿತು. ಅದಿದ್ದ ಕೋಣೆಗೆ ಹೋಗುವಾಗ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಆರು ತಿಂಗಳಲ್ಲಿ ಅದನ್ನು ದಾಟಿಸಿದೆ. ದೇವನಹಳ್ಳಿ ಹೆದ್ದಾರಿಯ ಒಂದು ಹೋಟೆಲಿನಲ್ಲಿ ನಮ್ಮ ಗುಂಪು ಆಗಾಗ ಭಾನುವಾರ ಬೆಳಿಗ್ಗೆ ಸೇರುತ್ತದೆ. ಕಾಫಿ ಲೋಟಗಳ ನಡುವೆ ಡಬ್ಬಿಗಳು ತೆರೆದುಕೊಳ್ಳುತ್ತವೆ, ಕೊಳ್ಳುತ್ತಾರೆ, ಕೊಡುತ್ತಾರೆ, ಎಲ್ಲರೂ ಮೊದಲು ಕೇಳುವುದು 'ಇದರ ಕಥೆ ಏನು?' ಎಂದೇ. ಬ್ಯಾಂಕಿನಲ್ಲಿ ಕೆಲಸ ಮಾಡುವ ಕಾರ್ತಿಕ್ ಅದನ್ನು ಎತ್ತಿಕೊಂಡವನು ಕೆಳಗಿಡಲೇ ಇಲ್ಲ. "ಯಾರ್ದು ಆಂಟಿ?"

"ನಮ್ಮಣ್ಣನದು. ತೀರ್ಕೊಂಡ" ಎಂದೆ. ನನಗೆ ಅಣ್ಣನೇ ಇಲ್ಲ.

ಎರಡು ವರ್ಷ ಸದ್ದಿಲ್ಲ. ಆಮೇಲೆ ಒಂದು ದಿನ ಕಾರ್ತಿಕ್ ಫೋನ್ ಮಾಡಿದ. ಖುಷಿಯಲ್ಲಿದ್ದ. "ಆಂಟಿ, ನಿಮ್ಮ ಸರ್ವಿಸ್ ಅಂದ್ರೆ ಸರ್ವಿಸ್! ಈ ವಾಚ್ ಮನೇಲೇ ಬಿಟ್ಟು ಎಂಟು ದಿನ ಊರಿಗೆ ಹೋಗಿದ್ದೆ. ಬಂದು ಬೀಗ ತೆಗೆದ್ರೆ ಇನ್ನೂ ನಡೀತಾ ಇದೆ. ಟೈಮೂ ಕರೆಕ್ಟು. ಗ್ರೂಪಲ್ಲಿ ಹಾಕ್ಲಾ?"

ಅವನದು ಏಳನೇ ಮಹಡಿಯ ಮನೆ. ಅಲ್ಲಿ ಮಗ್ಗವಿಲ್ಲ.

ಹಾಕಬೇಡ ಎಂದೆ. ಮಾರನೇ ದಿನವೇ ಅವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಮಾತು ಮುಗಿಯುವ ಮುಂಚೆ ಅವನು ಗಡಿಯಾರ ಬಿಚ್ಚಿ ಟೀಪಾಯಿಯ ಮೇಲಿಟ್ಟು ಮಣಿಕಟ್ಟನ್ನು ಉಜ್ಜಿಕೊಳ್ಳುತ್ತಾ ಕೂತ. "ಕಟ್ಕೊಂಡೇ ಮಲಗ್ತಿದ್ದೆ ಆಂಟಿ" ಎಂದ. ಅವನು ಕೊಟ್ಟದ್ದನ್ನು ಅವನಿಗೆ ವಾಪಸು ಕೊಟ್ಟೆ. ಅವನು ನನ್ನ ಮುಖ ನೋಡಲಿಲ್ಲ.

ರತ್ನಾಳ ಬಳಿ ಹೋಗುವ ಮುಂಚೆ ಆ ಹೊಲಕ್ಕೆ ಹೋದೆ. ಚೀಲವನ್ನಾದರೂ ಹುಡುಕಿ ಅವಳ ಮುಂದಿಡೋಣ ಎಂಬ ಆಸೆ — ಬರಿಗೈಯಲ್ಲಿ ಹೋಗಿ ಹೇಳುವ ಧೈರ್ಯವಿರಲಿಲ್ಲ. ಹೊಲವಿರಲಿಲ್ಲ. ಎತ್ತರದ ಗೋಡೆ, ಅದರೊಳಗೆ ತಗಡಿನ ಗೋಡೌನು. ಕಾವಲಿನವನ ಕಾಲು ಹಿಡಿಯುವುದೊಂದು ಬಾಕಿ, ಒಳಗೆ ಬಿಟ್ಟ. ಹೊಂಗೆ ಮರವಿದ್ದ ಕಡೆ ಲಾರಿ ನಿಲ್ಲುವ ಕಾಂಕ್ರೀಟ್ ನೆಲ. ಕನ್ನಡಿಯ ಹಾಗೆ ನುಣ್ಣಗಿತ್ತು. ಅದರ ಮೇಲೆ ನಿಂತಾಗ ಸೀರೆಯ ಗಂಟಿನಲ್ಲಿದ್ದ ಗಡಿಯಾರ ನಡೆಯುತ್ತಿರುವುದು ಹೊಟ್ಟೆಗೆ ತಾಗುತ್ತಿತ್ತು. ಅಲ್ಲಿ ಬಹಳ ಹೊತ್ತು ನಿಲ್ಲಲಾಗಲಿಲ್ಲ.

ರತ್ನಾ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಕೂರದೆ, ಮೊರದಲ್ಲಿದ್ದ ಕಾಳುಗಳ ಮೇಲೆ ಗಡಿಯಾರವನ್ನಿಟ್ಟೆ. ನಿಂತುಕೊಂಡೇ ಹೇಳಿದೆ. ಸಂಪತ್ ತಂದದ್ದು, ಸಿಮೆಂಟ್ ಚೀಲ, ಹೊಂಗೆ ಮರ, ಎರಡು ಬುರುಡೆ, ಕಾಂಕ್ರೀಟು. ಅವಳು ಗಡಿಯಾರವನ್ನು ಎತ್ತಿ ಕಿವಿಗಿಟ್ಟುಕೊಂಡಳು.

"ನಾನು ಬಂದು ಕೇಳ್ದಾಗ ಡ್ರಾಯರಲ್ಲಿತ್ತಾ?"

"ಹೂಂ."

"ಕೇಳಿಸ್ತಿತ್ತು ನಂಗೆ" ಎಂದಳು. "ನೀನು ಇಲ್ಲ ಅಂದ್ಯಲ್ಲ, ಅದಕ್ಕೇ ಸುಮ್ನಾದೆ."

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಕಾರ್ಖಾನೆಯ ಬೆಂಚಿನಲ್ಲಿ ಕೂತಾಗ ಕೇಳುತ್ತಿದ್ದಂಥದೇ ದನಿಯಲ್ಲಿ ಕೇಳಿದಳು: "ನಿನ್ನ ಕೈಗೆ ಬಂದಾಗ ಎಷ್ಟನೇ ತಾರೀಖಲ್ಲಿ ನಿಂತಿತ್ತು?"

ಇದೊಂದನ್ನು ನಾನು ಇಲ್ಲಿಯವರೆಗೂ ಬರೆಯದೆ ಇಟ್ಟುಕೊಂಡಿದ್ದೇನೆ. ಅವಳಿಗೂ ಹೇಳಬಾರದೆಂದುಕೊಂಡೇ ಹೋಗಿದ್ದೆ. ಆ ಡಯಲ್ಲಿನಲ್ಲಿ ವಾರ, ತಾರೀಖು ತೋರಿಸುವ ಪುಟ್ಟ ಕಿಟಕಿಯಿದೆ. ನಂಜಪ್ಪನವರನ್ನು ಮಣ್ಣು ಮಾಡಿದ್ದು ಹನ್ನೆರಡನೇ ತಾರೀಖು, ಗುರುವಾರ. ಎಷ್ಟು ತಡವೆಂದರೂ ಹದಿನಾಲ್ಕರ ಸಂಜೆಗೆ ಅದು ನಿಲ್ಲಬೇಕು. ಸಂಪತ್ ತಂದ ದಿನ ಮಣ್ಣೊರೆಸಿ ನೋಡಿದಾಗ ಕಿಟಕಿಯಲ್ಲಿದ್ದದ್ದು —

"ಹತ್ತೊಂಬತ್ತು. ಗುರುವಾರ" ಎಂದೆ. ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವಳೂ ಗಡಿಯಾರ ಕಟ್ಟಿದವಳು. ಎಣಿಸಲು ಬೆರಳು ಬೇಕಿರಲಿಲ್ಲ.

"ಐದ್ನೇ ದಿನ ಗುಡ್ಡೆ ಮೇಲೆ ಹಾಲುತುಪ್ಪ ಬಿಟ್ವಲ್ಲ. ಆಗ್ಲೂ ನಡೀತಿತ್ತು ಅಂದಂಗಾಯ್ತು. ನಮ್ಮ ಕಾಲಡೀಲಿ."

ಅವಳು ಒಂದು ಅವರೆಕಾಯಿ ಬಿಡಿಸಿದಳು, ಇನ್ನೊಂದು ಬಿಡಿಸಿದಳು.

"ಪಕ್ಕದ ಹೊಲದಲ್ಲಿ ಬೋರ್ ಕೊರೀತಿದ್ರು ಆ ವಾರ" ಎಂದಳು. "ನೆಲ ಅದುರ್ತಿತ್ತು. ಅದಕ್ಕೇ."

ಆ ವಾರ ಪೂರ್ತಿ ನಾನು ಅವಳ ಮನೆಯಲ್ಲೇ ಇದ್ದೆ. ಯಾವ ಹೊಲದಲ್ಲೂ ಬೋರ್ ಕೊರೆಯುತ್ತಿರಲಿಲ್ಲ. ಆ ಸದ್ದು ಮರೆಯುವಂಥದ್ದಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

"ಹೂಂ, ಕೊರೀತಿದ್ರು" ಎಂದೆ.

ಅವಳು ಗಡಿಯಾರವನ್ನು ಸೆರಗಿಗೆ ಕಟ್ಟಿಕೊಂಡಳು. ಅದನ್ನು ಏನು ಮಾಡಿದಳೆಂದು ನಾನು ಇಂದಿಗೂ ಕೇಳಿಲ್ಲ. ಎದ್ದು ಹೊರಟಾಗ ಹಿಂದಿನಿಂದ ಕರೆದಳು.

"ಆ ಕಲ್ಲಿನಡಿ ಇರೋರು ಮಾವನೋ, ಮೈದುನನೋ, ಇಬ್ಬರದೂ ಅರ್ಧರ್ಧನೋ. ಯಾರಾದ್ರೂ ಇರ್ಲಿ, ಮೂರು ವರ್ಷ ನನ್ನ ಕೈ ಅನ್ನ ಉಂಡವ್ರೆ. ಈಗ ನೀವಲ್ಲ ಅಂತ ಬಿಡೋಕಾಗಲ್ಲ. ಅವರನ್ನ ನಾನು ನೋಡ್ಕೋತೀನಿ. ಇವರು ಇರೋ ಕಡೆ ನೀನು ಹೋಗು. ಗೊತ್ತಿದ್ದೋಳು ನೀನು."

ಅದಾದ ಮೇಲೆ ಅವಳು ನನ್ನೊಡನೆ ಮಾತಾಡಿಲ್ಲ. ನಾನು ಹೊಸದಾಗಿ ಯಾರ ಗಡಿಯಾರವನ್ನೂ ಕೊಂಡಿಲ್ಲ, ಮಾರಿಲ್ಲ. ಸರ್ವಿಸ್‌ಗೆ ಬಂದದ್ದನ್ನು ಸರಿ ಮಾಡಿ ಬಂದವರ ಕೈಗೇ ಕೊಟ್ಟು ಕಳಿಸುತ್ತೇನೆ. ಮಹಾಲಯ ಅಮಾವಾಸ್ಯೆಯ ದಿನ ಅಡಿಗೆ ಮಾಡಿಕೊಂಡು ಎರಡು ಬಸ್ಸು ಬದಲಿಸಿ ಆ ಗೋಡೌನಿಗೆ ಹೋಗುತ್ತೇನೆ. ಒಳಗೆ ಬಿಡುವುದಿಲ್ಲ. ಗೋಡೆಯ ಹೊರಗೆ ಎಲೆ ಹಾಕಿ ಬಡಿಸುತ್ತೇನೆ.

ಈ ವರ್ಷ ಹೋದಾಗ ಕಾವಲಿಗೆ ಹೊಸಬನೊಬ್ಬನಿದ್ದ. ಬಿಸಿಲಲ್ಲಿ ಕೂತದ್ದನ್ನು ನೋಡಿ ನೀರು ತಂದುಕೊಟ್ಟ. "ಯಾರಿಗಮ್ಮಾ ಎಡೆ? ನಿಮ್ಮ ಯಜಮಾನ್ರಾ?"

ಅಲ್ಲ ಎಂದೆ.

"ಅಣ್ಣ ತಮ್ಮಂದಿರಾ?"

"ಅಲ್ಲಪ್ಪಾ. ನಾನು ಕಳೆದುಹಾಕಿದವರು."

"ಕಳ್ಕೊಂಡೋರು ಅನ್ನಿ" ಎಂದ ಅವನು, ಸಮಾಧಾನ ಮಾಡುವವನ ಹಾಗೆ.

"ಇಲ್ಲಪ್ಪಾ" ಎಂದೆ. "ಕಳೆದುಹಾಕಿದವರು."